ಮರಳಿ ಬಂದವನಿಗೆ ವೀರಗಲ್ಲಿಲ್ಲ

ಸ್ಮರಣ ಸಂಚಿಕೆಯ ಸಂಪಾದಕರು ಎಂದಿನಂತೆ ಈ ವರ್ಷವೂ ಆರೋಗ್ಯ ವಿಭಾಗಕ್ಕೆ ಲೇಖನಗಳನ್ನು ಆಹ್ವಾನಿಸಿದಾಗ, ನಾನು ಬರೆಯುವೆನೆಂದು ಅವರೂ ಎಣಿಸಿರಲಿಲ್ಲ, ನಾನೂ ಎಣಿಸಿರಲಿಲ್ಲ. ಮಧುಮೇಹ, ರಕ್ತದೊತ್ತಡ, ಮೊಣಕಾಲು ನೋವು ಮೊದಲಾದವುಗಳ ಬಗ್ಗೆ ಬರೆಯಲು ನಮ್ಮ ಸಂಘದಲ್ಲಿ ಸಮರ್ಥ ವೈದ್ಯರಿದ್ದಾರೆ. ನಾನಾದರೋ ಧಾರವಾಡದಲ್ಲಿ ವಾಣಿಜ್ಯಶಾಸ್ತ್ರದ ಪದವಿ ಪಡೆದು, ಇಪ್ಪತ್ತು ವರ್ಷಗಳಿಂದ ಬ್ಯಾಂಕಿನ ಕಡತಗಳ ನಡುವೆ ಬಾಳುತ್ತಿರುವವನು. ನಾಡಿ ಹಿಡಿದು ನೋಡಲು ಬಾರದವನು ರೋಗದ ವಿಷಯ ಬರೆಯುವುದು ಉದ್ಧಟತನವೆಂದು ವಾಚಕರು ಭಾವಿಸಿದರೆ ಅದು ಸಹಜವೇ. ಆದರೂ ನಾನು ಕಣ್ಣಾರೆ ಕಂಡ, ನನ್ನ ಕೈಯಿಂದಲೇ ಒಂದಿಷ್ಟು ಹದಗೆಟ್ಟ ಸಂಗತಿಯೊಂದಿದೆ. ಅದನ್ನು ಹೇಳದೆ ಇರಲಾಗದು.

ಪುಣೆ ದಂಡಿನ ಊರು. ಇಲ್ಲಿ ಬಂದು ನೆಲೆಸಿದ ನಮ್ಮಂಥ ಕನ್ನಡಿಗರ ಮನೆಗಳ ನೆರೆಯಲ್ಲಿ ಒಬ್ಬರಾದರೂ ನಿವೃತ್ತ ಸೈನಿಕರು ಇದ್ದೇ ಇರುತ್ತಾರೆ. ನಾನು ಪಿಂಚಣಿ ವಿಭಾಗದಲ್ಲಿದ್ದ ವರ್ಷಗಳಲ್ಲಿ ನವೆಂಬರ್ ತಿಂಗಳು ಬಂತೆಂದರೆ ಅವರ ಸಾಲು ಶಾಖೆಯ ಮೆಟ್ಟಿಲವರೆಗೆ ಬೆಳೆಯುತ್ತಿತ್ತು. ತಾವು ಬದುಕಿದ್ದೇವೆಂದು ಸಾಬೀತುಪಡಿಸುವ ಲೈಫ್ ಸರ್ಟಿಫಿಕೇಟಿಗಾಗಿ ಬಂದ ಸಾಲು ಅದು. 2014ರಿಂದ ಬೆರಳಚ್ಚಿನ ಯಂತ್ರ ಬಂತು; ಅನಂತರ ರಕ್ಷಣಾ ಇಲಾಖೆಯ ಪಿಂಚಣಿಗೆಲ್ಲ ‘ಸ್ಪರ್ಶ್’ ಎಂಬ ಕೇಂದ್ರ ವ್ಯವಸ್ಥೆ ಬಂತು; ಸಾಲು ಕರಗಿತು. ಆ ನಮೂನೆಯಲ್ಲಿ ವ್ಯಕ್ತಿ ಜೀವಂತನೋ ಅಲ್ಲವೋ ಎಂಬುದಕ್ಕೆ ಜಾಗವಿತ್ತು. ಹೇಗೆ ಜೀವಿಸಿದ್ದಾನೆ ಎಂಬುದಕ್ಕೆ ಇರಲಿಲ್ಲ. ಅಂದು ಆ ಕೊರತೆ ನನಗೆ ಹೊಳೆಯಲೂ ಇಲ್ಲ.

ನಾನು ಹೇಳಹೊರಟಿರುವುದು ನಮ್ಮ ಶಾಖೆಯ ಕಾವಲುಗಾರರ ವಿಷಯ. ಹೆಸರೂ ಪಲ್ಟಣವೂ ಬರಬಾರದೆಂಬ ಷರತ್ತಿನ ಮೇಲೆ ಬರೆಯಲು ಅವರು ಒಪ್ಪಿದ್ದಾರೆ. ಬೆಳಗಾವಿ ಜಿಲ್ಲೆಯವರು. ಹದಿನೆಂಟರ ಹರೆಯದಲ್ಲಿ ಸೈನ್ಯ ಸೇರಿ, ತೋಪಖಾನೆಯಲ್ಲಿ ಹದಿನೇಳು ವರ್ಷ ದುಡಿದು, ಹವಾಲ್ದಾರರಾಗಿ ನಿವೃತ್ತರಾದವರು. ಮಾಜಿ ಸೈನಿಕರಿಗಾಗಿ ಇರುವ ಮೀಸಲಾತಿಯಲ್ಲಿ ಬ್ಯಾಂಕು ಸೇರಿ, ಹನ್ನೆರಡು ಬೋರಿನ ಬಂದೂಕು ಹಿಡಿದು ಬಾಗಿಲಲ್ಲಿ ನಿಂತರು. ನಾನು ಅಲ್ಲಿಗೆ ವರ್ಗವಾಗಿ ಹೋದ ಮೊದಲ ದಿನವೇ, ನನ್ನ ಮಾತಿನ ಧಾಟಿ ಕೇಳಿ, “ಯಾವ ಊರಾತ್ರಿ ಸಾಹೇಬ್ರ?” ಎಂದು ವಿಚಾರಿಸಿದರು. ಪರಸ್ಥಳದಲ್ಲಿ ಈ ಒಂದು ಪ್ರಶ್ನೆ ಎಷ್ಟು ದೊಡ್ಡ ನಂಟೆಂಬುದನ್ನು ಈ ಸಂಚಿಕೆಯ ವಾಚಕರಿಗೆ ವಿವರಿಸಬೇಕಾಗಿಲ್ಲ. ಅಂದಿನಿಂದ ನಾನು ಅವರನ್ನು ‘ಹವಾಲ್ದಾರರೇ’ ಎಂದೇ ಕರೆಯುತ್ತ ಬಂದಿದ್ದೇನೆ. ಅವರು ಎಂದೂ ಬಾಗಿಲಿಗೆ ಬೆನ್ನು ಮಾಡಿ ಕೂರುತ್ತಿರಲಿಲ್ಲ. ಊಟದ ಕೋಣೆಯಲ್ಲಿಯೂ ಗೋಡೆಗೆ ಒರಗಿದ ಮೂಲೆಯ ಜಾಗವೇ ಆಗಬೇಕು. ಅದು ಕೆಲಸದ ಶಿಸ್ತು ಎಂದು ನಾವೆಲ್ಲ ಮೆಚ್ಚಿಕೊಂಡಿದ್ದೆವು.

2011ರ ಬೇಸಗೆಯ ಒಂದು ಮಧ್ಯಾಹ್ನ, ಶಾಖೆಯ ಮುಂದೆಯೇ ಒಂದು ಟೆಂಪೋದ ಟಯರು ಸಿಡಿಯಿತು. ಶಬ್ದ ಜೋರಾಗಿಯೇ ಇತ್ತು. ನಾವು ತಲೆಯೆತ್ತಿ ನೋಡುವಷ್ಟರಲ್ಲಿ ಹವಾಲ್ದಾರರು ಪಕ್ಕದಲ್ಲಿ ನಿಂತಿದ್ದ ವೃದ್ಧ ಗ್ರಾಹಕಿಯೊಬ್ಬರನ್ನು ನೆಲಕ್ಕೆಳೆದು, ಅವರ ಮೇಲೆ ತಾವು ಮರೆಯಾಗಿ ಬಿದ್ದಿದ್ದರು. ಆ ತಾಯಿಯ ಬಳೆ ಒಡೆದು ಮಣಿಕಟ್ಟಿಗೆ ಗಾಯವಾಯಿತು. ಒಂದು ಕ್ಷಣದ ಮೌನದ ಅನಂತರ ಯಾರೋ ನಕ್ಕರು. ಆಮೇಲೆ ಹಲವರು ನಕ್ಕರು. ಹವಾಲ್ದಾರರು ಎದ್ದು, ಬೆವರುತ್ತ, ಬಂದೂಕನ್ನು ಗೋಡೆಗೆ ಒರಗಿಸಿ ನಿಂತ ಮುಖ ಇಂದಿಗೂ ನನ್ನ ಕಣ್ಣ ಮುಂದಿದೆ. ಸಂಜೆ ಆ ಗ್ರಾಹಕಿಯ ಮಗ ಲಿಖಿತ ದೂರು ಕೊಟ್ಟರು. ವರದಿ ಬರೆಯುವ ಕೆಲಸ ಸಹಾಯಕ ವ್ಯವಸ್ಥಾಪಕನಾಗಿದ್ದ ನನ್ನ ಪಾಲಿಗೆ ಬಂತು. ಹತ್ತು ನಿಮಿಷಗಳಲ್ಲಿ ಬರೆದು ಮುಗಿಸಿದೆ: ಸದರಿ ಸಿಬ್ಬಂದಿಯು ಶಸ್ತ್ರಸಹಿತ ಕರ್ತವ್ಯಕ್ಕೆ ಮಾನಸಿಕವಾಗಿ ಯೋಗ್ಯರಲ್ಲವೆಂದು ಕಂಡುಬರುತ್ತದೆ. ತಿಂಗಳೊಳಗೆ ಅವರ ಕೈಯಿಂದ ಬಂದೂಕು ಹೋಯಿತು. ಹಳೆಯ ಕಡತಗಳ ಕೋಣೆಯಲ್ಲಿ ಕೂರಿಸಲಾಯಿತು. ಬರುತ್ತಿದ್ದ ಭತ್ಯವೊಂದು ನಿಂತಿತು.

ಬಂದೂಕನ್ನು ತೆಗೆದುಕೊಂಡದ್ದು ತಪ್ಪೆಂದು ನಾನು ಇಂದಿಗೂ ಹೇಳಲಾರೆ. ಜನ ತುಂಬಿದ ಸ್ಥಳದಲ್ಲಿ ಗುಂಡು ತುಂಬಿದ ಬಂದೂಕು ಇರುವಾಗ ಎಚ್ಚರಿಕೆ ಬೇಕೇ ಬೇಕು. ಆದರೆ ಒಬ್ಬ ಮನುಷ್ಯ ಮಾನಸಿಕವಾಗಿ ಯೋಗ್ಯನಲ್ಲವೆಂದು ಬರೆದ ನಾನು, ಅವನನ್ನು ವೈದ್ಯರ ಬಳಿಗೆ ಕಳುಹಿಸಬೇಕೆಂಬ ಮುಂದಿನ ವಾಕ್ಯವನ್ನು ಬರೆಯಲಿಲ್ಲ. ಹೃದಯದ ನೋವೆಂದು ಕುಸಿದಿದ್ದರೆ ನಾವೇ ಆಂಬ್ಯುಲೆನ್ಸ್ ಕರೆಸುತ್ತಿದ್ದೆವು. ಖರ್ಚಿನ ಬಿಲ್ಲನ್ನು ನಾನೇ ಮಂಜೂರು ಮಾಡುತ್ತಿದ್ದೆ. ಕಡತದ ಕೋಣೆಯಲ್ಲಿ ಅವರು ಏಳು ವರ್ಷ ಕಳೆದರು. ನಾನು ನಡುವೆ ಬೇರೆ ಊರಿಗೆ ವರ್ಗವಾಗಿ, 2018ರಲ್ಲಿ ಮತ್ತೆ ಅದೇ ಶಾಖೆಗೆ ಬಂದೆ.

ಆಗ ಕಣ್ಣಿಗೆ ಬಿದ್ದದ್ದು ಒಂದು ಚಲನ್. ದೀಪಾವಳಿಯ ಮುನ್ನಾದಿನ ಹವಾಲ್ದಾರರು ಬಿಹಾರದ ಒಂದು ಹಳ್ಳಿಯ ಖಾತೆಗೆ ಐದುನೂರು ರೂಪಾಯಿ ಕಳುಹಿಸಲು ಬರೆದುಕೊಟ್ಟಿದ್ದರು. ಹಿಂದಿನ ವರ್ಷಗಳಲ್ಲೂ ಹಾಗೆಯೇ ಹೋಗಿತ್ತು. ಬಿಹಾರದಲ್ಲಿ ಯಾರು ನೆಂಟರೆಂದು ತಮಾಷೆಗೆ ಕೇಳಿದೆ. ಅವರು ಉತ್ತರಿಸಲಿಲ್ಲ. ಅಂದು ಸಂಜೆ ಹಣದ ಪೆಟ್ಟಿಗೆಗಳ ವಾಹನ ತಡವಾಗಿ, ನಾವಿಬ್ಬರೇ ಶಾಖೆಯಲ್ಲಿ ಉಳಿದಾಗ, ತಾವಾಗಿಯೇ ಮಾತು ತೆಗೆದರು.

1999ರಲ್ಲಿ ಅವರು ದ್ರಾಸ್ ಭಾಗದಲ್ಲಿದ್ದರು. ತೋಪುಗಳು ಕೆಳಗಿನ ಕಣಿವೆಯಲ್ಲಿರುತ್ತವೆ. ಆದರೆ ಗುಂಡು ಎಲ್ಲಿ ಬೀಳಬೇಕೆಂದು ನೋಡಿ ಹೇಳುವ ಚಿಕ್ಕ ತಂಡವೊಂದು ಪದಾತಿಗಳ ಜೊತೆಗೆ ಮೇಲೆ ಹತ್ತಬೇಕು. ಹದಿನೈದು ಸಾವಿರ ಅಡಿಯ ಎತ್ತರ, ಉಸಿರಿಗೆ ಗಾಳಿ ಸಾಲದ ಜಾಗ. ಹಗಲು ಅಲುಗಾಡಿದರೆ ಮೇಲಿನಿಂದ ಗುಂಡು, ಆದ್ದರಿಂದ ಎಲ್ಲ ನಡೆಯೂ ರಾತ್ರಿಯೇ. ಇವರ ಬೆನ್ನಿಗೆ ರೇಡಿಯೋ ಯಂತ್ರ. ಅಧಿಕಾರಿ ಹೇಳಿದ ಅಂಕಿಗಳನ್ನು ಕೆಳಗೆ ಮುಟ್ಟಿಸುವುದು ಇವರ ಕೆಲಸ. “ನಾ ಬಾಯಿಲೆ ಅಂಕಿ ಹೇಳತಿದ್ದೆ ಸಾಹೇಬ್ರ. ಸ್ವಲ್ಪ ಹೊತ್ತಿಗೆ ಎದುರಿನ ಗುಡ್ಡ ಸುಡತಿತ್ತು. ನೀವೂ ದಿನಾ ಅಂಕಿ ಬರೀತೀರಿ. ನಾ ಹೇಳಿದ ಅಂಕಿಗೆ ಎಷ್ಟ ಮಂದಿ ಹೋದರು ಅನ್ನೂದು ನನಗ ಇವತ್ತಿಗೂ ಗೊತ್ತಿಲ್ಲ.”

ಆ ತಂಡದಲ್ಲಿ ಬಿಹಾರದ ಒಬ್ಬ ಗೆಳೆಯನಿದ್ದ. ಮೇಲೆ ಹತ್ತುವ ಮೊದಲು ಹವಾಲ್ದಾರರು ಅವನಿಂದ ಇನ್ನೂರು ರೂಪಾಯಿ ಸಾಲ ಪಡೆದು ಮನೆಗೆ ಮನಿಯಾರ್ಡರು ಮಾಡಿದ್ದರು. ಸಂಬಳ ಬಂದೊಡನೆ ಕೊಡುವ ಮಾತು. ನಾಲ್ಕನೆಯ ರಾತ್ರಿ ಆತ ತೀರಿಕೊಂಡ. ಯುದ್ಧ ಜುಲೈ 26ಕ್ಕೆ ಮುಗಿಯಿತು. “ಲಡಾಯಿ ಮುಗೀತು ಅಂತ ದಿಲ್ಲಿಯೊಳಗ ಹೇಳಿದ್ರು, ಪೇಪರದಾಗ ಬಂತು. ನನ್ನ ಮೈಗೆ ಮಾತ್ರ ಯಾರೂ ಬಂದು ಹೇಳಲಿಲ್ಲ ನೋಡ್ರಿ,” ಎಂದರು. ಆಮೇಲೆ ತುಸು ನಕ್ಕು, “ಇನ್ನೂರು ರೂಪಾಯಿಗೆ ಇಷ್ಟು ವರ್ಷಕ್ಕ ಬಡ್ಡಿ ಎಷ್ಟಾತ್ರಿ? ನೀವ ಲೆಕ್ಕ ಹಾಕ್ರಿ. ನನಗಂತೂ ತೀರವಲ್ತು,” ಎಂದರು. ಚಕ್ರಬಡ್ಡಿಯ ಸೂತ್ರ ನನಗೆ ಬಾಯಿಪಾಠ. ಅಂದು ನಾನು ಲೆಕ್ಕ ಹಾಕಲಿಲ್ಲ.

ಅನಂತರ ನಾನು ಈ ವಿಷಯದಲ್ಲಿ ಸಿಕ್ಕಿದ್ದನ್ನು ಓದಿದೆ. ಪರಿಚಿತ ಮನೋವೈದ್ಯರನ್ನೂ ಕೇಳಿದೆ. ರೋಗ ಹೊಸದಲ್ಲ, ಹೆಸರುಗಳು ಮಾತ್ರ ಬದಲಾಗುತ್ತ ಬಂದಿವೆ. ಅಮೆರಿಕದ ಅಂತರ್ಯುದ್ಧದಿಂದ ಬಂದ ಸೈನಿಕರಲ್ಲಿ ಕಾರಣವಿಲ್ಲದೆ ಎದೆ ಬಡಿದುಕೊಳ್ಳುವುದನ್ನು ಡಾ ಕೋಸ್ಟಾ ಎಂಬ ವೈದ್ಯರು 1871ರಲ್ಲಿ ವರ್ಣಿಸಿದರು. ಅದಕ್ಕೆ ಸೈನಿಕನ ಹೃದಯವೆಂಬ ಹೆಸರು ಬಿತ್ತು. ಮೊದಲನೆಯ ಮಹಾಯುದ್ಧದ ಕಂದಕಗಳಿಂದ ಮೂಕರಾಗಿ, ನಡುಗುತ್ತ ಹಿಂದಿರುಗಿದವರನ್ನು ಕಂಡು ಚಾರ್ಲ್ಸ್ ಮೈಯರ್ಸ್ ಎಂಬವರು 1915ರಲ್ಲಿ ‘ಶೆಲ್ ಶಾಕ್’ ಎಂಬ ಶಬ್ದವನ್ನು ವೈದ್ಯಕೀಯ ಪತ್ರಿಕೆಯಲ್ಲಿ ಬಳಸಿದರು. ಸಿಡಿಗುಂಡಿನ ಹೊಡೆತಕ್ಕೆ ಮಿದುಳು ಅಲುಗಾಡಿದ್ದೇ ಕಾರಣವೆಂದು ಮೊದಲು ಬಗೆದರು. ಗುಂಡಿನ ಹತ್ತಿರವೇ ಇರದಿದ್ದವರಿಗೂ ಅದೇ ಬಾಧೆ ಬಂದಾಗ ಆ ವಾದ ಬಿದ್ದುಹೋಯಿತು. ಹಲವರಿಗೆ ಹೇಡಿಯೆಂಬ ಪಟ್ಟ ಮಾತ್ರ ಉಳಿಯಿತು. ವಿಯೆಟ್ನಾಂ ಯುದ್ಧ ಮುಗಿದು ಐದು ವರ್ಷಗಳಾದ ಮೇಲೆ, 1980ರಲ್ಲಿ, ಅಮೆರಿಕದ ಮನೋವೈದ್ಯರ ಸಂಘ ತನ್ನ ರೋಗಸೂಚಿಯಲ್ಲಿ ಇದಕ್ಕೆ ಆಘಾತೋತ್ತರ ಒತ್ತಡದ ಬೇನೆ ಎಂದು ಜಾಗ ಕೊಟ್ಟಿತು.

ಲಕ್ಷಣಗಳು ಹೀಗೆ: ಕಳೆದುಹೋದ ಘಟನೆ ಕನಸಿನಲ್ಲೋ ಹಗಲಿನಲ್ಲೋ ಮತ್ತೆ ಈಗಲೇ ನಡೆಯುತ್ತಿರುವಂತೆ ಬಂದೆರಗುವುದು, ಅದನ್ನು ನೆನಪಿಸುವ ಸ್ಥಳ, ಮಾತು, ಜನರನ್ನು ತಪ್ಪಿಸಿಕೊಂಡು ತಿರುಗುವುದು, ನಿದ್ರೆ ಕೆಡುವುದು, ಸಣ್ಣ ಶಬ್ದಕ್ಕೂ ಬೆಚ್ಚುವುದು, ಸಿಡಿಮಿಡಿ, ಪ್ರೀತಿಪಾತ್ರರ ಬಗ್ಗೆಯೂ ಮನಸ್ಸು ಮರಗಟ್ಟುವುದು. ಇವು ಒಂದು ತಿಂಗಳಿಗೂ ಮೀರಿ ಉಳಿದು ಬಾಳನ್ನು ಕೆಡಿಸಿದರೆ ವೈದ್ಯರು ಅದನ್ನು ರೋಗವೆಂದು ಎಣಿಸುತ್ತಾರೆ. ಯುದ್ಧದಲ್ಲಿ ಭಾಗವಹಿಸಿದ ಎಲ್ಲರಿಗೂ ಇದು ಬರುವುದಿಲ್ಲ. ಹೆಚ್ಚಿನವರು ಮರಳಿ ಬಂದು ನೆಮ್ಮದಿಯಾಗಿಯೇ ಬಾಳುತ್ತಾರೆ. ಸೈನಿಕರೆಲ್ಲ ಮನೋರೋಗಿಗಳೆಂಬ ಭಾವನೆ ಯಾರಿಗಾದರೂ ಬಂದರೆ ಈ ಲೇಖನದಿಂದ ಕೇಡೇ ಹೆಚ್ಚಾದೀತು. ಹಾಗೆಯೇ ಅಪಘಾತ, ಭೂಕಂಪ, ಅತ್ಯಾಚಾರಗಳಿಗೆ ಸಿಕ್ಕವರಿಗೂ ಇದು ಬರುವುದುಂಟು. ಬಂದರೆ ಚಿಕಿತ್ಸೆಯಿದೆ. ತರಬೇತಾದ ಚಿಕಿತ್ಸಕರ ಎದುರು ಆ ಘಟನೆಯನ್ನು ಹಂತಹಂತವಾಗಿ ಮತ್ತೆ ಹೇಳಿಸಿ ಅದರ ಬಿಸಿಯನ್ನು ಇಳಿಸುವ ವಿಧಾನಗಳಿವೆ. ಸರ್ಟ್ರಾಲಿನ್ ಮುಂತಾದ ಔಷಧಗಳೂ ಇವೆ. ಅವನ್ನು ವೈದ್ಯರೇ ಕೊಡಬೇಕು. ಹಲವು ಮನೆಗಳಲ್ಲಿ ಚಿಕಿತ್ಸೆಯ ಬದಲಿಗೆ ನಡೆಯುವುದೆಂದರೆ ಕ್ಯಾಂಟೀನಿನ ರಮ್ಮು. ಅದು ಮೊದಲು ನಿದ್ರೆ ಕೊಡುತ್ತದೆ, ಆಮೇಲೆ ಇದ್ದ ನಿದ್ರೆಯನ್ನೂ ಕಿತ್ತುಕೊಳ್ಳುತ್ತದೆ.

ಹಿಂದಿನ ಕಾಲದ ಯೋಧರಿಗೆ ಇಂಥದೆಲ್ಲ ಇರಲಿಲ್ಲ, ಇದು ಪಾಶ್ಚಾತ್ಯರು ಕಂಡುಹಿಡಿದ ದೌರ್ಬಲ್ಯವೆಂದು ನಮ್ಮ ಸಂಘದಲ್ಲಿಯೇ ಹಿರಿಯರೊಬ್ಬರು ವಾದಿಸಿದರು. ಹಿರಿಯರ ಮೇಲೆ ಗೌರವವಿಟ್ಟೇ ನಾನು ಇದನ್ನು ಒಪ್ಪಲಾರೆ. ಮಹಾಭಾರತವನ್ನೇ ನೋಡಬಹುದು. ಹದಿನೆಂಟು ದಿನಗಳ ಯುದ್ಧ ಗೆದ್ದ ಧರ್ಮರಾಯ ಸಿಂಹಾಸನ ಬೇಡವೆಂದು ಕೂರುತ್ತಾನೆ. ಕರ್ಣ ತನ್ನ ಅಣ್ಣನೆಂದು ತಿಳಿದ ಮೇಲಂತೂ ಕಾಡಿಗೆ ಹೋಗುತ್ತೇನೆನ್ನುತ್ತಾನೆ. ತಮ್ಮಂದಿರು, ದ್ರೌಪದಿ, ವ್ಯಾಸರು, ಶ್ರೀಕೃಷ್ಣ ಎಲ್ಲರೂ ಹೇಳಿ, ಕೊನೆಗೆ ಶರಶಯ್ಯೆಯಲ್ಲಿದ್ದ ಭೀಷ್ಮರ ಬಳಿ ಕರೆದೊಯ್ದು ಕೂರಿಸಬೇಕಾಯಿತು. ಮಹಾಕಾವ್ಯದ ಅತಿ ದೀರ್ಘವಾದ ಪರ್ವ ಶಾಂತಿಪರ್ವವೆಂಬುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ನಮ್ಮ ಕುಮಾರವ್ಯಾಸ ಗದಾಪರ್ವಕ್ಕೆ ತನ್ನ ಭಾರತವನ್ನು ನಿಲ್ಲಿಸಿದ. ಮುಂದಿನ ಪರ್ವಗಳನ್ನು ತಿಮ್ಮಣ್ಣಕವಿ ಕೃಷ್ಣದೇವರಾಯನ ಕಾಲದಲ್ಲಿ ಪೂರೈಸಿದ. ಗಮಕದ ಸಭೆಗಳಲ್ಲಿ ನಾವು ಕೇಳುವುದು ಬಹುತೇಕ ಯುದ್ಧವನ್ನೇ. ಯುದ್ಧದ ಅನಂತರದ್ದನ್ನು ಓದಿಸಿದ ಸಭೆ ನನಗೆ ನೆನಪಿಲ್ಲ.

ವೀರಗಲ್ಲುಗಳ ವಿಷಯದಲ್ಲಿಯೂ ಹಾಗೆಯೇ. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ತುರುಗಾಳಗದಲ್ಲಿ ಸತ್ತವನಿಗೆ ಹೀಗೆ ಒಂದು ಕಲ್ಲಾದರೂ ಸಿಕ್ಕಿತು. ಅದೇ ಕಾಳಗದಲ್ಲಿ ಕೈ ಕಳೆದುಕೊಂಡು ಮನೆಗೆ ಮರಳಿದವನು ಮುಂದಿನ ಮೂವತ್ತು ವರ್ಷ ಹೇಗೆ ಬಾಳಿದನೋ ಯಾವ ಕಲ್ಲೂ ಹೇಳುವುದಿಲ್ಲ. ದೆಹಲಿಗೆ ಹೋದವರು ತೀನ್ ಮೂರ್ತಿ ವೃತ್ತವನ್ನು ನೋಡಿರಬಹುದು. ಆ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರು ಅಶ್ವದಳದ್ದು. ಜೋಧಪುರದವರೊಡನೆ ಅವರು 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ದಿನಾಂಕ ನಮಗೆ ಗೊತ್ತಿದೆ. ಮೈಸೂರಿಗೆ ಹಿಂದಿರುಗಿದ ಸವಾರರ ರಾತ್ರಿಗಳು ಯಾವ ಪೀಠದ ಮೇಲೂ ಕೆತ್ತಿಲ್ಲ.

ಮನೆಗೆ ಮರಳುವುದು ಸುಲಭವೆಂದು ನಾವು ಬಗೆದಿದ್ದೇವೆ. ಕೊಡಗಿನ ಜನರಲ್ ತಿಮ್ಮಯ್ಯನವರು 1953ರಲ್ಲಿ ಕೊರಿಯಾದಲ್ಲಿ ಅಧ್ಯಕ್ಷರಾಗಿದ್ದ ಆಯೋಗದ ಕೆಲಸವೇ, ತಾಯ್ನಾಡಿಗೆ ಹೋಗಲೊಲ್ಲದ 22,000ಕ್ಕೂ ಹೆಚ್ಚು ಯುದ್ಧಕೈದಿಗಳನ್ನು ಕಾಯುವುದಾಗಿತ್ತು. ಎರಡು ಕಡೆಯೂ ಬೇಡವೆಂದ 88 ಮಂದಿ ಕೊನೆಗೆ ಭಾರತಕ್ಕೆ ಬಂದರು. ಅವರ ಕಾರಣಗಳು ಬೇರೆ, ನಿಜ. ಆದರೂ ಊರಿಗೆ ಹೋಗುವುದೆಂದರೆ ರೈಲು ಹತ್ತುವುದಷ್ಟೇ ಅಲ್ಲ. ನಮ್ಮನ್ನೇ ನೋಡೋಣ, ವರ್ಷಕ್ಕೊಮ್ಮೆ ಊರಿಗೆ ಹೋದಾಗ ಮೊದಲು ಎದುರಾಗುವ ಪ್ರಶ್ನೆ, ಯಾವಾಗ ಬಂದಿರಿ ಎಂಬುದು, ಎರಡನೆಯದು, ಯಾವಾಗ ಹೊರಡುತ್ತೀರಿ ಎಂಬುದು. ಬರಿಯ ಬ್ಯಾಂಕಿನ ವರ್ಗಾವಣೆಯಿಂದ ಹೋದ ನಮಗೇ ಆ ಎರಡು ಪ್ರಶ್ನೆಗಳ ನಡುವೆ ನಿಲ್ಲಲು ನೆಲ ಸಾಲದು. ಹವಾಲ್ದಾರರು 1999ರ ಚಳಿಗಾಲದಲ್ಲಿ ರಜೆ ಪಡೆದು ಜಮ್ಮುವಿನಿಂದ ಝೇಲಂ ಎಕ್ಸ್‌ಪ್ರೆಸ್ಸಿನಲ್ಲಿ ಪುಣೆಗೆ ಬಂದು ಊರಿನ ಗಾಡಿ ಹಿಡಿದರು. ಮೂರು ದಿನಗಳ ಹಿಂದೆ ಹಿಮದಲ್ಲಿದ್ದ ಮನುಷ್ಯನನ್ನು ಊರವರು ಹಲಗೆ ಬಾರಿಸಿ ಮೆರವಣಿಗೆ ಮಾಡಿದರು, ಪಟಾಕಿ ಹಚ್ಚಿದರು. ಶಾಲೆಯಲ್ಲಿ ಸನ್ಮಾನವಾಯಿತು. ಒಬ್ಬ ಹುಡುಗ ಎದ್ದು, “ಕಾಕಾ, ಎಷ್ಟ ಮಂದೀನ ಹೊಡದ್ರಿ?” ಎಂದು ಕೇಳಿದ, ಎಲ್ಲರೂ ಚಪ್ಪಾಳೆ ತಟ್ಟಿದರು. ಆ ರಾತ್ರಿ ಅವರು ಮನೆಯೊಳಗೆ ಮಲಗಲಾರದೆ ಮಾಳಿಗೆಯ ಮೇಲೆ ಕುಳಿತು ಬೆಳಗು ಮಾಡಿದರಂತೆ. ಹೆಂಡತಿ ಕಾರಣ ಕೇಳಲಿಲ್ಲ. ಚಹಾ ತಂದಿಟ್ಟು ಪಕ್ಕದಲ್ಲಿ ಕುಳಿತರು. ಚಿಕಿತ್ಸೆಯೆಂಬುದು ಏನಾದರೂ ನಡೆದಿದ್ದರೆ ಅದೊಂದೇ.

ಕಾರ್ಗಿಲ್ ಯುದ್ಧದಲ್ಲಿ ಮಡಿದ ನಮ್ಮವರು 527. ಗಾಯಗೊಂಡವರು 1,300ಕ್ಕೂ ಹೆಚ್ಚು. ಈ ಎರಡನೆಯ ಲೆಕ್ಕದಲ್ಲಿ ಹವಾಲ್ದಾರರಿಲ್ಲ. ಅವರ ಮೈಮೇಲೆ ಗಾಯವಿರಲಿಲ್ಲ. ಕಾಣುವ ಗಾಯಗಳಿಗೆ ನಾವು ತಕ್ಕಮಟ್ಟಿಗೆ ಗೌರವ ಕೊಡುತ್ತೇವೆಂಬುದಕ್ಕೆ ಈ ಪುಣೆಯೇ ಸಾಕ್ಷಿ. ಕೃತಕ ಅಂಗಗಳ ಕೇಂದ್ರ ಇಲ್ಲಿ 1944ರಿಂದ ನಡೆದಿದೆ. ಬೆನ್ನುಹುರಿಗೆ ಪೆಟ್ಟಾದ ಸೈನಿಕರಿಗಾಗಿ ಖಡ್ಕಿಯಲ್ಲಿ 1974ರಿಂದ ಪುನರ್ವಸತಿ ಕೇಂದ್ರವಿದೆ. 1965ರ ಯುದ್ಧದಲ್ಲಿ ಗುಂಡೇಟಿನಿಂದ ಸೊಂಟದ ಕೆಳಗಿನ ಬಲ ಕಳೆದುಕೊಂಡ ಮುರಳೀಕಾಂತ ಪೇಟ್ಕರ್ ಅವರು 1972ರಲ್ಲಿ ಹೈಡೆಲ್‌ಬರ್ಗಿನ ಪ್ಯಾರಾಲಿಂಪಿಕ್ಸಿನಲ್ಲಿ ಈಜಿ, ನಮ್ಮ ದೇಶಕ್ಕೆ ಮೊದಲ ಚಿನ್ನ ತಂದರು. ಅವರಿಗೆ ಪದ್ಮಶ್ರೀ ದೊರೆತದ್ದು 2018ರಲ್ಲಿ. ನಾಲ್ವತ್ತಾರು ವರ್ಷ ತಡವಾದರೂ ದೊರೆಯಿತು. ಕಾಣದ ಗಾಯಕ್ಕೆ ಅಷ್ಟು ತಡವಾದ ಪದಕವೂ ಇಲ್ಲ.

ಬ್ಯಾಂಕಿನವನಾದ್ದರಿಂದ ಒಂದೆರಡು ಲೆಕ್ಕದ ಮಾತು ಹೇಳದೆ ಬಿಡಲಾರೆ. ಸರ್ಕಾರಿ ಬ್ಯಾಂಕುಗಳಲ್ಲಿ ಮಾಜಿ ಸೈನಿಕರಿಗೆ ಗುಮಾಸ್ತರ ದರ್ಜೆಯಲ್ಲಿ ಶೇಕಡಾ 14.5, ಅದರ ಕೆಳಗಿನ ದರ್ಜೆಯಲ್ಲಿ ಶೇಕಡಾ 24.5 ಮೀಸಲಾತಿಯಿದೆ. ಕೆಲಸ ಕೊಟ್ಟೆವು, ಸರಿ. ಕೊಟ್ಟ ಮೇಲೆ ಅವರ ಜೊತೆ ಹೇಗಿರಬೇಕೆಂದು ನಮಗೆ ಯಾವ ತರಬೇತಿಯಲ್ಲೂ ಹೇಳಿಕೊಡಲಿಲ್ಲ. ನಕಲಿ ನೋಟು ಗುರುತಿಸಲು ಎರಡು ದಿನ ಕಲಿಸಿದವರು ಇದಕ್ಕೆ ಅರ್ಧ ಗಂಟೆ ಕೊಡಬಹುದಾಗಿತ್ತು. 2022ರ ಅಗ್ನಿಪಥ ಯೋಜನೆಯಲ್ಲಿ ಸೇರಿದ ಹುಡುಗರು ನಾಲ್ಕೇ ವರ್ಷಕ್ಕೆ ಹೊರಬರುತ್ತಾರೆ. ಮುಂದುವರಿಯುವುದು ಗರಿಷ್ಠ ಶೇಕಡಾ 25 ಮಂದಿ. ಉಳಿದವರಿಗೆ ಸುಮಾರು 11.71 ಲಕ್ಷ ರೂಪಾಯಿಯ ಇಡುಗಂಟು, ಪಿಂಚಣಿಯಿಲ್ಲ. ಯೋಜನೆಯ ಗುಣದೋಷಗಳನ್ನು ತಜ್ಞರು ಚರ್ಚಿಸಲಿ. ಈ ತರುಣರು ನಮ್ಮ ನೆರೆಗೂ, ನಮ್ಮ ಕಚೇರಿಗೂ ಬರಲಿದ್ದಾರೆಂಬುದಷ್ಟೇ ನನ್ನ ಮಾತು. ಇನ್ನೊಂದು: ಮಾನಸಿಕ ಕಾಯಿಲೆಗೆ ದೈಹಿಕ ಕಾಯಿಲೆಯಷ್ಟೇ ವಿಮಾ ರಕ್ಷಣೆ ಕೊಡಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯಿದೆಯಲ್ಲಿ ಸ್ಪಷ್ಟವಾಗಿದೆ. ವಿಮಾ ಏಜೆಂಟರು ಇದನ್ನು ತಾವಾಗಿ ಹೇಳುವುದು ಅಪರೂಪ. ಆದುದರಿಂದ ವಾಚಕರು ತಮ್ಮ ಪಾಲಿಸಿಗಳನ್ನು ತೆಗೆದು ನೋಡಬೇಕು. ‘ಟೆಲಿ ಮಾನಸ್’ ಎಂಬ ಸರ್ಕಾರದ ಉಚಿತ ದೂರವಾಣಿ ಸೇವೆ 2022ರ ಅಕ್ಟೋಬರಿನಿಂದ ನಡೆದಿದೆ, ಸಂಖ್ಯೆ 14416, ಕನ್ನಡದಲ್ಲಿಯೂ ಮಾತನಾಡಬಹುದು. ಸೈನಿಕರಿಗೆಂದೇ ಅದರ ಒಂದು ಘಟಕವನ್ನು 2023ರ ಡಿಸೆಂಬರಿನಲ್ಲಿ ನಮ್ಮ ಪುಣೆಯ ಸೈನ್ಯ ವೈದ್ಯಕೀಯ ಕಾಲೇಜಿನಲ್ಲಿಯೇ ತೆರೆಯಲಾಯಿತು.

ನಮ್ಮ ಸಂಘವೂ ಪ್ರತಿವರ್ಷ ಗಣರಾಜ್ಯೋತ್ಸವಕ್ಕೆ ಒಬ್ಬ ಯೋಧರನ್ನು ಕರೆದು, ಶಾಲು ಹೊದೆಸಿ, ಫಲತಾಂಬೂಲ ಕೊಟ್ಟು, ಎರಡು ಮಾತು ಆಡಿರೆಂದು ಧ್ವನಿವರ್ಧಕದ ಮುಂದೆ ನಿಲ್ಲಿಸುತ್ತದೆ. ಅವರು ಜೈಹಿಂದ್ ಎನ್ನುತ್ತಾರೆ, ನಾವು ಚಪ್ಪಾಳೆ ತಟ್ಟುತ್ತೇವೆ, ಆಮೇಲೆ ಉಪಾಹಾರ. ಶಾಲು ಬೇಡವೆಂದು ನಾನು ಹೇಳುತ್ತಿಲ್ಲ. ಮಾತು ಆಡಿಸುವ ಬದಲು ಅವರೊಡನೆ ಉಪಾಹಾರಕ್ಕೆ ಕೂರುವವರು ಇಬ್ಬರಾದರೂ ಇರಲಿ. ಯುದ್ಧದ ಕಥೆ ಕೇಳದೆ ಊರಿನ ಮಳೆಬೆಳೆಯನ್ನು ಕೇಳಲಿ. ಅವರಾಗಿ ಹೇಳಲು ಬಂದರೆ, ಬೇರೆ ಮಾತಿಗೆ ಜಾರದೆ ಕೇಳಲಿ. ನಾನು ಏಳು ವರ್ಷ ಮಾಡದೆ ಉಳಿದದ್ದು ಇದನ್ನೇ.

ಹವಾಲ್ದಾರರನ್ನು 2018ರ ಕೊನೆಯಲ್ಲಿ ಮನೋವೈದ್ಯರ ಬಳಿಗೆ ಕರೆದುಕೊಂಡು ಹೋದೆ. ಮೊದಲ ಸಲ ಬಾಗಿಲವರೆಗೆ ಬಂದು, “ನಾ ಏನ ಹುಚ್ಚ ಅಲ್ರಿ ಸಾಹೇಬ್ರ,” ಎಂದು ಹಿಂದಿರುಗಿದರು. ಎರಡನೆಯ ಸಲ ಹೆಂಡತಿಯೂ ಬಂದರು, ಒಳಗೆ ಹೋದರು. ಒಂದೂವರೆ ವರ್ಷ ಚಿಕಿತ್ಸೆ ನಡೆಯಿತು. ಈಗ ರಾತ್ರಿ ಐದು ಗಂಟೆಯಾದರೂ ನಿದ್ರೆ ಬರುತ್ತದೆ ಎನ್ನುತ್ತಾರೆ. ಮೂಲೆಯ ಜಾಗ ಮಾತ್ರ ಇನ್ನೂ ಬಿಟ್ಟಿಲ್ಲ. ವೈದ್ಯರೂ ಬಿಡಬೇಕೆಂದು ಹೇಳಿಲ್ಲವಂತೆ. 2011ರ ನನ್ನ ವರದಿಯ ಜೊತೆಗೆ ಸೇರಿಸಬೇಕೆಂದು ಕೋರಿ, ನನ್ನ ತಪ್ಪನ್ನು ಒಪ್ಪಿಕೊಂಡು, ನಿಂತ ಭತ್ಯದ ವಿಷಯವನ್ನೂ ಎತ್ತಿ, ಸಿಬ್ಬಂದಿ ವಿಭಾಗಕ್ಕೆ ಪತ್ರ ಬರೆದಿದ್ದೇನೆ. ಎರಡು ಬಾರಿ ಜ್ಞಾಪನ ಪತ್ರವನ್ನೂ ಕಳುಹಿಸಿದ್ದಾಯಿತು. ಉತ್ತರ ಬಂದಿಲ್ಲ. ಅವರ ನಿವೃತ್ತಿಗೆ ಇನ್ನು ಕೆಲವೇ ವರ್ಷಗಳಿವೆ.

ಕಳೆದ ದೀಪಾವಳಿಗೆ ನಮ್ಮ ಸಂಘದ ಕಾರ್ಯಕ್ರಮಕ್ಕೆ ದಂಪತಿಗಳನ್ನು ಕರೆದಿದ್ದೆ. ಪಟಾಕಿ ಎಷ್ಟು ಗಂಟೆಗೆ ಎಂಬುದನ್ನು ಕಾರ್ಯದರ್ಶಿಗಳು ಮೊದಲೇ ಧ್ವನಿವರ್ಧಕದಲ್ಲಿ ತಿಳಿಸಿದರು. ಯಾರಿಗಾಗಿ ಎಂದು ಹೇಳಲಿಲ್ಲ. ಎಂಟು ಗಂಟೆಗೆ ಐದು ನಿಮಿಷವಿರುವಾಗ ಹವಾಲ್ದಾರರು ಎದ್ದು, ಸಭಾಂಗಣದ ಹಿಂದಿನ ಅಡುಗೆ ಕೋಣೆಗೆ ಹೋಗಿ, ಬಡಿಸುವವರ ಜೊತೆ ಹೋಳಿಗೆಗಳನ್ನು ಎಣಿಸಿ ತಟ್ಟೆಗೆ ಹಾಕುತ್ತ ಕುಳಿತರು. ನಾನೂ ಹೋಗಿ ಎಣಿಸತೊಡಗಿದೆ. ಹೊರಗೆ ಮಕ್ಕಳ ಗದ್ದಲ ಮುಗಿಯುವ ಹೊತ್ತಿಗೆ ಮುನ್ನೂರಹನ್ನೆರಡಾಗಿತ್ತು. ನನ್ನ ಎಣಿಕೆಯಲ್ಲಿ ಎರಡು ತಪ್ಪಿದೆಯೆಂದು ಅವರು ತಿದ್ದಿದರು.